ಹೆಸರು ನಿಮ್ಮದೇ, ಪಾಸ್‌ವರ್ಡ್ ಯಾರದು?

ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನೇಮಕಾತಿ ನೋಡಿಕೊಳ್ಳುವ ಕೆಲಸ ನನ್ನದು. ಊರು ಹಾವೇರಿ ಕಡೆ. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಡಿಪ್ಲೊಮಾ, ಐಟಿಐ ಫಲಿತಾಂಶ ಬಂದ ಮೇಲೆ ನಮ್ಮಲ್ಲಿಗೆ ಬಯೊಡೇಟಾಗಳು ಮುಂಗಾರು ಮಳೆಯಂತೆ ಸುರಿಯುತ್ತವೆ. ಹತ್ತನೇ ತರಗತಿಯನ್ನು ಮಹಾರಾಷ್ಟ್ರದವರು ಎಸ್‌ಎಸ್‌ಸಿ ಎಂದು ಬರೆಯುತ್ತಾರೆ, ನಮ್ಮವರು ಎಸ್‌ಎಸ್‌ಎಲ್‌ಸಿ ಎಂದು. ಆ ಒಂದು ‘ಎಲ್’ ಕಂಡರೆ ಸಾಕು, ಆ ಹಾಳೆಯನ್ನು ಇನ್ನೊಮ್ಮೆ ಓದಬೇಕೆನಿಸುತ್ತದೆ. (ಅಂತಿಮ ಆಯ್ಕೆ ನನ್ನ ಕೈಲಿಲ್ಲ, ಪಕ್ಷಪಾತದ ಭಯ ಬೇಡ.)

ಓದಲು ಕೂತಾಗ ಹೆಸರಿನ ಕೆಳಗೇ ಇಮೇಲ್ ವಿಳಾಸ ಇರುತ್ತದೆ. ‘ಅಪ್ಪು ಡೈಹಾರ್ಡ್ ಫ್ಯಾನ್ 17’, ‘ರಾಕಿಭಾಯ್ ಕೆಜಿಎಫ್’, ‘ಕ್ಯೂಟ್ ಮಂಜ’, ‘ಲೋನ್ಲಿ ಬಾಯ್ ಹಾನಗಲ್’. ಹದಿನಾರನೇ ವಯಸ್ಸಿನಲ್ಲಿ, ಮೊದಲ ಸ್ಮಾರ್ಟ್‌ಫೋನ್ ಕೈಗೆ ಬಂದ ಸಂಭ್ರಮದಲ್ಲಿ ಇಟ್ಟುಕೊಂಡ ಹೆಸರುಗಳಿವು. ನನಗೇನೋ ಇವನ್ನು ಓದಿದಾಗ ಊರ ಬಸ್‌ಸ್ಟ್ಯಾಂಡ್ ನೆನಪಾಗುತ್ತದೆ. ಆದರೆ ಸಂದರ್ಶನ ಮಾಡುವ ನಮ್ಮ ಸಾತಾರಾ ಕಡೆಯ ಮ್ಯಾನೇಜರಿಗೆ ಹಾಗಲ್ಲ. ‘ಹಾ ಲೋನ್ಲಿ ಬಾಯ್ ಕೋಣ?’ ಎಂದು ಇಡೀ ಕೊಠಡಿಗೆ ಕೇಳುವಂತೆ ಕೇಳುತ್ತಾರೆ. ಮರಾಠಿಯಲ್ಲಿ ‘ಕೋಣ’ ಎಂದರೆ ‘ಯಾರು’ ಅಂತ. ಹೊರಗೆ ಬೆಂಚಿನ ಮೇಲೆ ಕೂತ ಹಾನಗಲ್ಲಿನ ಹುಡುಗನಿಗೆ ಮಾತ್ರ ಅದು ಬೇರೆಯೇ ಕೇಳಿಸುತ್ತದೆ.

ನಗುವ ವಿಷಯ ಹೌದು, ಆದರೆ ಅದರ ಬೆಲೆ ಸಣ್ಣದಲ್ಲ. 2015ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ನೇಮಕಾತಿ ಕೆಲಸದಲ್ಲಿರುವ 73 ಮಂದಿಗೆ ಬಯೊಡೇಟಾಗಳನ್ನು ಕೊಟ್ಟು ಅಂಕ ಹಾಕಿಸಿದರು. ಕೆಲವದರಲ್ಲಿ ಕಾಗುಣಿತದ ತಪ್ಪು, ಕೆಲವದರಲ್ಲಿ ತಮಾಷೆಯ ಇಮೇಲ್ ವಿಳಾಸ. ಅಕ್ಷರದೋಷಕ್ಕೆ ಬಿದ್ದಷ್ಟೇ ಪೆಟ್ಟು ವಿಳಾಸಕ್ಕೂ ಬಿತ್ತು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನೂರು ಹಾಳೆಯಲ್ಲಿ ಹತ್ತನ್ನು ಉಳಿಸಿಕೊಳ್ಳಬೇಕಾದವನು ತೆಗೆದಿಡಲು ಒಂದು ನೆಪ ಹುಡುಕುತ್ತಿರುತ್ತಾನೆ. ಆ ನೆಪವನ್ನು ನಾವೇ ಯಾಕೆ ಒದಗಿಸಬೇಕು?

‘ಹಾಗಾದರೆ ನನ್ನ ಹೆಸರಲ್ಲೇ ಒಂದು ಮಾಡಿಕೊಳ್ಳುತ್ತೇನೆ’ ಎಂದು ಹೊರಟರೆ ಕನ್ನಡಿಗನಿಗೆ ಎದುರಾಗುವ ತೊಡಕು ಬೇರೆಯೇ. ನಮ್ಮ ಹೆಸರು ಯಾವುದು?

ಪುಣೆಯ ಯಾವ ಅರ್ಜಿಯಲ್ಲಿ ನೋಡಿದರೂ ಮೂರು ಮನೆ: ನಿಮ್ಮ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಅಡ್ಡಹೆಸರು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಿಗೆ ಇದು ಹೊಸದಲ್ಲ. 1956ರವರೆಗೂ ಆ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲೇ ಇದ್ದವು, ಹೆಸರು ಬರೆಯುವ ಪದ್ಧತಿಯೂ ಅದೇ. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರು ಆ ಮೂರು ಮನೆಗಳಲ್ಲಿ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು ಅದೇ ಮನೆಗಳಲ್ಲಿ ಕೂರಿಸಿ ನೋಡಿ. ನಮ್ಮ ಸಾಫ್ಟ್‌ವೇರ್ ಮರುದಿನವೇ ‘ಡಿಯರ್ ಕುಪ್ಪಳಿ’ ಎಂದು ಮೇಲ್ ಕಳಿಸುತ್ತದೆ! ಹಳೇ ಮೈಸೂರಿನ ಕಡೆಯವರ ಗೋಳು ಇದು. ಊರ ಹೆಸರು, ಅಪ್ಪನ ಹೆಸರು ಇನಿಶಿಯಲ್ ಆಗಿ ಮುಂದೆಯೋ ಹಿಂದೆಯೋ ಇರುತ್ತದೆ, ಅಡ್ಡಹೆಸರು ಇರುವುದೇ ಇಲ್ಲ. ತುಮಕೂರು ಕಡೆಯ ಹುಡುಗನೊಬ್ಬನನ್ನು ನಮ್ಮ ಶಾಪ್‌ಫ್ಲೋರಿನಲ್ಲಿ ಮೂರು ತಿಂಗಳು ಅವನ ಅಪ್ಪನ ಹೆಸರಿನಿಂದ ಕರೆದರು. ಅವನೂ ‘ಹೋಗಲಿ ಬಿಡಿ, ಅಪ್ಪಂಗೆ ಪುಣ್ಯ ಬರ್ಲಿ’ ಎಂದುಕೊಂಡು ಓಗೊಟ್ಟ.

ನಾನು ಹೇಳುವುದು ಇಷ್ಟೇ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಇಮೇಲ್‌ನಲ್ಲೂ ಹಾಗೇ ಇರಲಿ. ಆಧಾರ್, ಪ್ಯಾನ್, ಭವಿಷ್ಯನಿಧಿಯ ಯುಎಎನ್, ಎಲ್ಲ ಕಡೆಯೂ ಹೆಸರು ಹಾಗೇ ಇರಲಿ. ಇನಿಶಿಯಲ್ ಇದ್ದವರು ಅದನ್ನು ಹೆಸರಿನ ನಂತರ ಹಾಕಿಕೊಳ್ಳಲಿ. ಅದು ಬೇರೆಯವರ ಪಾಲಾಗಿದ್ದರೆ ಇನಿಶಿಯಲ್ ಅನ್ನು ಬಿಡಿಸಿ ಊರಿನ ಹೆಸರನ್ನೇ ಪೂರ್ತಿ ಬರೆಯಲಿ. ಮಂಜುನಾಥರು ಸಾವಿರಾರು ಇದ್ದಾರೆ, ಮಂಜುನಾಥ ಗುತ್ತಲ ಎಷ್ಟು ಮಂದಿ ಇದ್ದಾರು? ಹುಟ್ಟಿದ ವರ್ಷವನ್ನು ಮಾತ್ರ ಸೇರಿಸಬೇಡಿ. ಬಾಗಿಲಲ್ಲೇ ವಯಸ್ಸು ಹೇಳಿಕೊಂಡು ಒಳಗೆ ಬಂದಂತಾಗುತ್ತದೆ. ನಲವತ್ತು ದಾಟಿದವರಿಗಂತೂ ಅದು ಬೇಡವೇ ಬೇಡ.

ಬಸವಲಿಂಗಪ್ಪ ‘ಬಾಬಿ’ ಆಗುವುದನ್ನೂ ನಾನು ಒಪ್ಪುವುದಿಲ್ಲ. ಪುಣೆಯವರ ನಾಲಿಗೆಗೆ ಬಸವಲಿಂಗಪ್ಪ ಕಷ್ಟವೇನಲ್ಲ. ಸೋಲಾಪುರ ಇಲ್ಲಿಗೆ ನಾಲ್ಕು ತಾಸಿನ ದಾರಿ, ಅಲ್ಲಿ ಬೀದಿಗೊಬ್ಬ ಇರುತ್ತಾನೆ.

ಕಷ್ಟ ಬರುವುದು ನಾಲಿಗೆಯಲ್ಲಲ್ಲ, ಇಂಗ್ಲಿಷ್ ಅಕ್ಷರದಲ್ಲಿ. ನಾವು ‘ತ’ ಬರೆಯಲು ಟಿ ಜೊತೆಗೆ ಎಚ್ ಹಾಕುತ್ತೇವೆ. ಮರಾಠಿಗರು ಬರೀ ಟಿ ಹಾಕುತ್ತಾರೆ. ನಮ್ಮ ಸವಿತಾ, ಲತಾ, ಗೀತಾ ಎಲ್ಲರಿಗೂ ಒಂದೊಂದು ಎಚ್ ಇದೆ, ಅವರ ಸವಿತಾ, ಲತಾ, ಗೀತಾರಿಗೆ ಇಲ್ಲ. ‘ವ’ ಕೂಡ ಹಾಗೆಯೇ. ನಾವು ವಿ ಬರೆದರೆ ಪವಾರ್, ಗಾವಡೆಗಳನ್ನು ಬರೆದು ರೂಢಿಯಾದ ಇಲ್ಲಿನವರ ಕೈ ತಾನಾಗಿ ಡಬ್ಲ್ಯು ಒತ್ತುತ್ತದೆ. ಫೋನಿನಲ್ಲಿ ‘ಬಸವರಾಜ್’ ಎಂದು ಕೇಳಿಸಿಕೊಂಡ ಪುಣೆಯ ಎಚ್‌ಆರ್ ಹುಡುಗಿ ಡಬ್ಲ್ಯು ಹಾಕಿ ಮೇಲ್ ಕಳಿಸಿದರೆ ಅದು ಸೋಲಾಪುರದ ಇನ್ನಾರೋ ಬಸವರಾಜನಿಗೆ ಹೋಗಿ ಬೀಳುತ್ತದೆ. ಮೇಲ್ ವಾಪಸ್ ಬಂದಿದ್ದರಾದರೂ ಗೊತ್ತಾಗುತ್ತಿತ್ತು. ಅದು ಸರಿಯಾಗಿಯೇ ತಲುಪಿದೆ, ತಲುಪಬೇಕಾದವನಿಗಲ್ಲ ಅಷ್ಟೇ. ಒಂದೇ ಮನೆಯಲ್ಲೂ ಈ ಎಚ್ ಇಬ್ಭಾಗವಾಗುವುದುಂಟು. 1981ರಲ್ಲಿ ಇದೇ ಪುಣೆಯಲ್ಲಿ ಇನ್ಫೊಸಿಸ್ ಕಟ್ಟಿದ ನಾರಾಯಣಮೂರ್ತಿಯವರು ಮೂರ್ತಿಗೆ ಎಚ್ ಹಾಕುತ್ತಾರೆ, ಸುಧಾ ಮೂರ್ತಿಯವರು ಹಾಕುವುದಿಲ್ಲ. ಆದ್ದರಿಂದ ಫೋನಿನಲ್ಲಿ ವಿಳಾಸ ಹೇಳಿ ಸುಮ್ಮನಾಗಬೇಡಿ. ‘ನಿಮ್ಮ ವಾಟ್ಸ್‌ಆ್ಯಪ್‌ಗೆ ಕಳಿಸುತ್ತೇನೆ, ಅಲ್ಲಿಂದ ಕಾಪಿ ಮಾಡಿಕೊಳ್ಳಿ’ ಎನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹುಡುಗರು ಪದೇ ಪದೇ ಕೇಳುವ ಇನ್ನೆರಡು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಜಿಮೇಲ್‌ನ ಸಾಮಾನ್ಯ ಖಾತೆಗಳಲ್ಲಿ ಚುಕ್ಕಿಗೆ ಲೆಕ್ಕವಿಲ್ಲ. ಹೆಸರಿನ ನಡುವೆ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೊಡ್ಡಕ್ಷರ, ಸಣ್ಣಕ್ಷರದ ಭೇದವೂ ಇಲ್ಲ. ಆದರೆ ಕಂಪನಿ, ಕಾಲೇಜುಗಳ ವಿಳಾಸದಲ್ಲಿ ಚುಕ್ಕಿ ಬಿಟ್ಟರೆ ಮೇಲ್ ಹೋಗುವುದಿಲ್ಲ. ಎರಡನೆಯದು ಹಳೆಯ ಯಾಹೂ, ರೆಡಿಫ್ ವಿಳಾಸಗಳ ಅಂಡರ್‌ಸ್ಕೋರ್. ಬಯೊಡೇಟಾದಲ್ಲಿ ವಿಳಾಸದ ಕೆಳಗೆ ಗೆರೆ ತಾನಾಗಿ ಬಂದು ಅಂಡರ್‌ಸ್ಕೋರ್ ಅದರಲ್ಲಿ ಮುಳುಗಿಹೋಗುತ್ತದೆ. ಅಚ್ಚಾದ ಹಾಳೆ ನೋಡಿ ಟೈಪ್ ಮಾಡುವವರಿಗೆ ಅಲ್ಲಿರುವುದು ಬರೀ ಖಾಲಿ ಜಾಗ.

ಇವೆಲ್ಲ ಹೇಳಿಕೊಟ್ಟರೆ ಒಂದು ಗಂಟೆಯಲ್ಲಿ ಸರಿಯಾಗುವಂಥವು. ನನ್ನ ನಿದ್ದೆ ಕೆಡಿಸಿದ್ದು ಬೇರೊಂದು.

ಎರಡು ವರ್ಷದ ಹಿಂದಿನ ಮಾತು. ಬ್ಯಾಡಗಿ ಕಡೆಯ ಹುಡುಗ, ಫಿಟ್ಟರ್ ಐಟಿಐ. ಅಪ್ಪ ಇಲ್ಲ. ತಾಯಿ ಸೀಸನ್ನಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಆ ಕೈಯಲ್ಲಿ ಕಣ್ಣು ಮುಟ್ಟಿಕೊಳ್ಳುವಂತಿಲ್ಲ. ಹುಡುಗ ಪಿಂಪ್ರಿ ಕಡೆಯ ಕಂಪನಿಯೊಂದರಲ್ಲಿ ಸಂದರ್ಶನ ಕೊಟ್ಟು ಪಾಸಾಗಿದ್ದ. ತಿಂಗಳಿಗೆ 19 ಸಾವಿರ, ಕ್ಯಾಂಟೀನ್, ಬಸ್. ಅವನ ಇಮೇಲ್ ವಿಳಾಸ ನೋಡಿದರೆ ನೀವೂ ಮೆಚ್ಚುತ್ತೀರಿ: ಹೆಸರು, ಅಡ್ಡಹೆಸರು, ಅಷ್ಟೇ. ಒಂದು ಅಂಕಿ ಇಲ್ಲ, ಒಬ್ಬ ಹೀರೊ ಇಲ್ಲ.

ಆ ವಾರವೇ ಸ್ವಾರಗೇಟಿನ ನೂಕುನುಗ್ಗಲಿನಲ್ಲಿ ಅವನ ಫೋನ್ ಹೋಯಿತು. ಸಿಮ್ ಮತ್ತೆ ಸಿಕ್ಕಿತು. ಗೆಳೆಯನ ಹಳೇ ಫೋನಿಗೆ ಹಾಕಿಕೊಂಡ. ಮರುದಿನ ಕಂಪನಿಯಿಂದ ಕರೆ: ಆಫರ್ ಲೆಟರ್ ಮೇಲ್ ಮಾಡಿದ್ದೇವೆ, 48 ಗಂಟೆಯೊಳಗೆ ಲಿಂಕ್ ಒತ್ತಿ ಒಪ್ಪಿಗೆ ಕೊಡಿ. ರಾತ್ರಿ ಒಂಬತ್ತಕ್ಕೆ ನಮ್ಮ ಮನೆ ಬಾಗಿಲಿಗೆ ಬಂದ.

‘ಅಕ್ಕಾರ, ಮೇಲ್ ತೆಗ್ಯಾಕ ಆಗವಲ್ದು. ಪಾಸ್‌ವರ್ಡ್ ಖರೆ ಐತಿ, ಆದ್ರೂ ಯಾವುದೋ ನಂಬರಿಗೆ ಕೋಡ್ ಕಳಿಸೇವಿ ಅಂತೈತ್ರೀ.’

‘ಯಾರ ನಂಬರೋ ತಮ್ಮಾ ಅದು?’

‘ನಂದಲ್ರೀ. ನಮ್ಮೂರ ಕಂಪ್ಯೂಟರ್ ಅಂಗಡಿಯವರದು.’

ವಿಷಯ ಹೀಗಿತ್ತು. ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ಇಮೇಲ್ ಬೇಕಾಗಿತ್ತು. ಮನೆಯಲ್ಲಿ ಆಗ ಫೋನೇ ಇರಲಿಲ್ಲ. ತಾಲ್ಲೂಕು ಕಚೇರಿ ಎದುರಿನ ಕಂಪ್ಯೂಟರ್ ಅಂಗಡಿಯವನು ಹತ್ತು ನಿಮಿಷದಲ್ಲಿ ಖಾತೆ ತೆರೆದು, ಕೋಡ್ ಬರಲು ತನ್ನದೇ ನಂಬರ್ ಹಾಕಿ, ಪಾಸ್‌ವರ್ಡನ್ನು ಅರ್ಜಿಯ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟಿದ್ದ. ಊರ ಹೆಸರು, ಮುಂದೆ ಒಂದು ಎರಡು ಮೂರು. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಸರ್ವರ್ ಬಂದು ಹೋಗಿ ಮಾಡುತ್ತಿರುತ್ತದೆ, ಹೊರಗೆ ನಲವತ್ತು ಜನ ನಿಂತಿರುತ್ತಾರೆ, ನಾಳೆ ಕೊನೆಯ ದಿನ. ಹಾಗೆ ಮಾಡದಿದ್ದರೆ ಆ ವರ್ಷದ ಸ್ಕಾಲರ್‌ಶಿಪ್ಪೇ ಸಿಗುತ್ತಿರಲಿಲ್ಲ.

ಹುಡುಗನ ಕೈಲಿ ಒಂದೇ ಫೋನ್ ಇರುವವರೆಗೂ ಏನೂ ಗೊತ್ತಾಗಲಿಲ್ಲ. ಹೊಸ ಫೋನಿನಿಂದ ಒಳಗೆ ಹೋಗಲು ನೋಡಿದಾಗ ‘ನೀನೇ ಅಂತ ಹೇಗೆ ನಂಬಲಿ?’ ಎಂದು ಖಾತೆ ಕೇಳಿತು. ಅದಕ್ಕೆ ಗೊತ್ತಿದ್ದ ಮಾಲೀಕ ಅಂಗಡಿಯವನು.

ಅಂಗಡಿಯವನನ್ನು ಹುಡುಕಿದೆವು. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿ ಗೊಬ್ಬರದ ವ್ಯಾಪಾರಕ್ಕೆ ಇಳಿದಿದ್ದ. ‘ಆ ನಂಬರ್ ಬಿಟ್ಟು ಭಾಳ ದಿನ ಆತ್ರೀ, ರೀಚಾರ್ಜ್ ಮಾಡಸ್ಲೇ ಇಲ್ಲ’ ಎಂದ. ಸರಿ, ಆ ನಂಬರಿಗೇ ಫೋನ್ ಹಚ್ಚಿದೆ. ರಿಂಗಾಯಿತು! ಎತ್ತಿದವರು ಸಿಂದಗಿ ಕಡೆಯ ಹೆಣ್ಣುಮಗಳು. ಬಳಕೆ ನಿಂತ ನಂಬರನ್ನು ಕಂಪನಿಗಳು 90 ದಿನ ಕಾದು ಬೇರೆಯವರಿಗೆ ಕೊಡಬಹುದು. 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೂ ಇದನ್ನೇ ಹೇಳಿದೆ. ಹಾಗೆ ಆ ನಂಬರ್ ಅವರ ಪಾಲಿಗೆ ಬಂದಿತ್ತು.

ನಾನು ಎಲ್ಲ ಬಿಡಿಸಿ ಹೇಳಿದೆ. ಹುಡುಗ ಬಡವ, ತಾಯಿ ಒಬ್ಬರೇ, ನಿಮ್ಮ ಫೋನಿಗೆ ಈಗ ಆರು ಅಂಕಿ ಬರುತ್ತವೆ, ಓದಿ ಹೇಳಿದರೆ ಒಂದು ಜೀವನ ಉಳಿಯುತ್ತದೆ. ಆಕೆ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಹೇಳಿದರು:

‘ಯವ್ವಾ, ಒಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಫೋನಿನ್ಯಾಗ ಹೇಳ್ತಾರ. ನಮ್ಮ ಮಂದ್ಯಾಗ ಒಬ್ಬರ ರೊಕ್ಕ ಹಿಂಗ ಹೋತು. ನೀವು ಒಳ್ಳೇರ ಇರಬಹುದು. ಆದ್ರ ನಾ ಹೆಂಗ ಹೇಳ್ಲಿ?’

ಅವರ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ. ‘ಬರೋಬರಿ ಐತ್ರೀ’ ಎಂದು ಹೇಳಿ ಫೋನ್ ಇಟ್ಟೆ. ಎದುರು ಕೂತ ಹುಡುಗನ ಮುಖ ನೋಡಲಾಗಲಿಲ್ಲ.

ಮರುದಿನ ಆ ಕಂಪನಿಯ ಎಚ್‌ಆರ್‌ಗೆ ಮಾತಾಡಿದೆ, ಅದೇ ವೃತ್ತಿಯವಳೆಂಬ ಸಲುಗೆಯಿಂದ. ವಿಳಾಸ ಬದಲಿಸಲು ಕೋರಿಕೆ ನೋಂದಾಯಿತ ಇಮೇಲ್‌ನಿಂದಲೇ ಬರಬೇಕು ಎಂದರು. ಆ ಇಮೇಲ್ ತೆರೆಯುತ್ತಿಲ್ಲ ಎಂಬುದೇ ಸಮಸ್ಯೆ ಎಂದೆ. ನಿಯಮ ಹಾಗಿದೆ ಎಂದರು. ಮೂರನೇ ದಿನ ಆ ಕೆಲಸ ಪಟ್ಟಿಯಲ್ಲಿ ಮುಂದಿದ್ದವನಿಗೆ ಹೋಯಿತು. ಹುಡುಗ ನಾಲ್ಕು ತಿಂಗಳು ಕಾತ್ರಜ್ ಹತ್ತಿರದ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತ. ಆಮೇಲೆ ಭೋಸರಿಯಲ್ಲಿ ಕೆಲಸ ಸಿಕ್ಕಿತು, ಎರಡೂವರೆ ಸಾವಿರ ಕಡಿಮೆಗೆ.

ನಮ್ಮ ಮಾವನವರು 1970ರ ದಶಕದಲ್ಲಿ ಪಿಂಪ್ರಿಯ ಕಾರ್ಖಾನೆಗೆ ಬಂದವರು. ಅವರಿಗೆ ಈ ಕಥೆ ಹೇಳಿದಾಗ ಅವರು ಅಷ್ಟೇನೂ ಬೆರಗಾಗಲಿಲ್ಲ. ಕೋಣೆ ಸಿಗುವವರೆಗೆ ಅವರ ವಿಳಾಸ ‘ಕೇರ್ ಆಫ್’ ಒಂದು ಉಡುಪಿ ಹೋಟೆಲು. ಊರಿಂದ ಬಂದ ಕಾಗದಗಳನ್ನು ಗಲ್ಲಾದ ಮೇಲಿನ ಮೊಳೆಗೆ ಸಿಕ್ಕಿಸಿರುತ್ತಿದ್ದರಂತೆ, ಹುಡುಗರು ಚಹಾ ಕುಡಿಯಲು ಬಂದಾಗ ತೆಗೆದುಕೊಳ್ಳಬೇಕು. ಹೋಟೆಲಿನವರು ಬೇರೆ ಕಡೆ ಹೋದರೆ ಕಾಗದವೂ ಹೋಯಿತು. ‘ನಿಮ್ಮ ಹುಡುಗಂದೂ ಕೇರ್ ಆಫ್ ಕಂಪ್ಯೂಟರ್ ಅಂಗಡಿ’ ಎಂದರು. ವ್ಯತ್ಯಾಸ ಇಷ್ಟೇ, ಮಾವನವರಿಗೆ ತಮ್ಮ ವಿಳಾಸ ಬೇರೆಯವರದು ಎಂಬುದು ಗೊತ್ತಿತ್ತು.

ಇದು ಹಳ್ಳಿಯ, ಬಡವರ ಸಮಸ್ಯೆ ಎಂದು ಹಿಂಜವಡಿಯ ಐಟಿ ಗೆಳೆಯರು ಅಂದುಕೊಂಡರೆ, ನಮ್ಮ ಅಪಾರ್ಟ್‌ಮೆಂಟಿನದೇ ಇನ್ನೊಂದು ಸುದ್ದಿ ಹೇಳುತ್ತೇನೆ. ಮೂರನೇ ಮಹಡಿಯ ಮೈಸೂರಿನವರು ಒಂದೇ ಕಂಪನಿಯಲ್ಲಿ ಹದಿನಾಲ್ಕು ವರ್ಷ ಇದ್ದರು. ಒಂದು ದಿನ ಹನ್ನೊಂದು ಗಂಟೆಗೆ ಹತ್ತು ನಿಮಿಷದ ಮೀಟಿಂಗ್, ಹನ್ನೆರಡರೊಳಗೆ ಲ್ಯಾಪ್‌ಟಾಪ್ ಬಂದ್. ಲಿಂಕ್ಡ್‌ಇನ್, ಮ್ಯೂಚುವಲ್ ಫಂಡ್, ಮಗಳ ಶಾಲೆಯ ಆ್ಯಪ್ ಎಲ್ಲಕ್ಕೂ ಅವರು ಕೊಟ್ಟಿದ್ದು ಆಫೀಸಿನ ಮೇಲ್. ಸಂಬಳದ ಚೀಟಿಗಳು, ಫಾರ್ಮ್ 16 ಎಲ್ಲ ಅದರಲ್ಲೇ. ಹೊಸ ಕಡೆ ‘ಕೊನೆಯ ಮೂರು ತಿಂಗಳ ಪೇಸ್ಲಿಪ್ ಕೊಡಿ’ ಎಂದಾಗ ಹಳೆಯ ಕಂಪನಿಗೆ ಬರೆದು ಕಾದು ಕೂರಬೇಕಾಯಿತು. ಸ್ವಂತದ್ದು ಅಂತ ಒಂದಿತ್ತಲ್ಲ ಎಂದು ನೆನಪಾಗಿದ್ದು ಕಾಲೇಜು ದಿನಗಳ ಖಾತೆ, ಅದನ್ನು ತೆರೆದು ಐದಾರು ವರ್ಷವಾಗಿತ್ತು. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರಿನಿಂದ ಶುರು ಮಾಡಿದೆ. ಅವರದೂ ಹೋಗಿತ್ತು.

ಅಂದಹಾಗೆ ಈ ‘ಅಟ್ ದಿ ರೇಟ್’ ಎಂದು ನಾವು ಓದುವ ಚಿಹ್ನೆ ಲೆಕ್ಕದ ಪುಸ್ತಕದ್ದು. ಹತ್ತು ಚೀಲ, ಚೀಲಕ್ಕೆ ಇಷ್ಟರಂತೆ ಎಂದು ಬರೆಯಲು ಅಡತಿ ಗುಮಾಸ್ತರು ಬಳಸುತ್ತಿದ್ದ ಗುರುತು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರ್ ಅದನ್ನು ಇಮೇಲ್‌ಗೆ ತಂದರು. ಆಫೀಸಿನ ಹಂಗಿಲ್ಲದೆ ಯಾವ ಕಂಪ್ಯೂಟರಿನಿಂದಲೂ ನೋಡಬಹುದಾದ ಉಚಿತ ಮೇಲ್ ಕೊಟ್ಟ ಹಾಟ್‌ಮೇಲ್ ಶುರುವಾದದ್ದು 1996ರ ಜುಲೈ 4ರಂದು. ಅದರ ಇಬ್ಬರು ಸಂಸ್ಥಾಪಕರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಶಾಲೆ ಕಲಿತದ್ದು ಪುಣೆ ಮತ್ತು ಬೆಂಗಳೂರಿನಲ್ಲಿ. ಬಾಸ್ ಓದಬಾರದ ಮೇಲ್ ಬೇಕು ಎಂಬ ಆಸೆಯಿಂದ ಹುಟ್ಟಿದ್ದನ್ನು ಮರೆತು ನಾವು ಮತ್ತೆ ಎಲ್ಲವನ್ನೂ ಬಾಸ್‌ನ ಮೇಲ್‌ಗೇ ಒಪ್ಪಿಸಿದ್ದೇವೆ.

‘ಕನ್ನಡದಲ್ಲೇ ವಿಳಾಸ ಇಟ್ಟುಕೊಳ್ಳಬಹುದಲ್ಲ, ಎಚ್ ಗಲಾಟೆಯೇ ಇರುವುದಿಲ್ಲ’ ಎಂದು ಕೇಳುವವರಿದ್ದಾರೆ. ಅದಕ್ಕೆ ಬೇಕಾದ ತಾಂತ್ರಿಕ ನಿಯಮ 2012ರಲ್ಲೇ ಬಂದಿದೆ, ‘.ಭಾರತ’ ಎಂದು ಕನ್ನಡದಲ್ಲೇ ಮುಗಿಯುವ ವಿಳಾಸಗಳೂ ಇವೆ. ಆದರೆ ಉದ್ಯೋಗದ ಪೋರ್ಟಲ್‌ಗಳು ಅದನ್ನು ನೋಡಿದ ಕೂಡಲೇ ಕೆಂಪು ಅಕ್ಷರದಲ್ಲಿ ‘ವಿಳಾಸ ಸರಿಯಿಲ್ಲ’ ಎನ್ನುತ್ತವೆ. ಆಸೆ ಇದ್ದರೆ ಎರಡನೆಯದಾಗಿ ಇಟ್ಟುಕೊಳ್ಳಿ. ಕೆಲಸ ಹುಡುಕುವಾಗ ಬೇಡ.

ಈಗ ಊರಿಂದ ಯಾರೇ ಹುಡುಗರು ಬಂದರೂ ಭಾನುವಾರ ನಮ್ಮ ಮನೆಯಲ್ಲಿ ಮೊದಲ ಪ್ರಶ್ನೆ ವಿಳಾಸ ಚೆಂದಿದೆಯೇ ಅಂತಲ್ಲ. ಖಾತೆಯ ಸೆಕ್ಯುರಿಟಿ ಪುಟ ತೆಗೆಸಿ, ರಿಕವರಿ ಫೋನ್ ಯಾರದು ನೋಡು ಅನ್ನುತ್ತೇನೆ. ಹತ್ತರಲ್ಲಿ ಮೂರ್ನಾಲ್ಕು ಮಂದಿಗೆ ಆ ನಂಬರಿನ ಕೊನೆಯ ಎರಡು ಅಂಕಿಯ ಗುರುತೇ ಸಿಗುವುದಿಲ್ಲ. ಒಳಗೆ ಹೋಗಲು ಬರುತ್ತಿರುವಾಗಲೇ ಬದಲಿಸಿಬಿಡಬೇಕು, ಹೊರಗೆ ಬಿದ್ದ ಮೇಲೆ ಯಾರೂ ಕೇಳುವುದಿಲ್ಲ. ಸ್ವಂತ ನಂಬರ್ ಒಂದು, ಮನೆಯವರ ಇಮೇಲ್ ಒಂದು ಹಾಕಿಸುತ್ತೇನೆ. ಎರಡು ಹಂತದ ಪರಿಶೀಲನೆ ಹಾಕಿಕೊಂಡರೆ ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಫೋನೂ ಇಲ್ಲದೆ ಸಿಮ್ಮೂ ಇಲ್ಲದೆ ಒಳಗೆ ಬಿಡುವ ಕೋಡ್‌ಗಳು ಅವು. ಅವನ್ನು ಹಾಳೆಯಲ್ಲಿ ಬರೆದು ಊರಿನಲ್ಲಿ ಅಂಕಪಟ್ಟಿ ಇಟ್ಟ ಟ್ರಂಕಿನಲ್ಲೇ ಇಡಿ ಎನ್ನುತ್ತೇನೆ. ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಫೋನಿನ ಜೊತೆಗೇ ಹೋಗುತ್ತವೆ. ಹೆಸರಿನ ಚೆಂದ, ಎಚ್, ಡಬ್ಲ್ಯು ಎಲ್ಲ ಆಮೇಲೆ, ಚಹಾ ಕುಡಿಯುತ್ತಾ.

ಭೋಸರಿಯ ಆ ಹುಡುಗನ ತಂಗಿ ಈ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾಳೆ. ಹೋದ ತಿಂಗಳು ಅವನು ಊರಿಗೆ ಹೋದವನು ಅಲ್ಲಿಂದಲೇ ವಿಡಿಯೊ ಕರೆ ಮಾಡಿ ಅವಳ ಖಾತೆ ತೆರೆಸಿದ. ಹೆಸರಿಗೆ ಎಚ್ ಬೇಕೋ ಬೇಡವೋ ಎಂದು ಅಂಕಪಟ್ಟಿ ತರಿಸಿ ನೋಡಿದ. ರಿಕವರಿ ನಂಬರ್ ಕೇಳಿದಾಗ ಅವ್ವನದು ಹಾಕಿದ.

‘ನಿಮ್ಮವ್ವ ಪ್ರತಿ ತಿಂಗಳಾ ರೀಚಾರ್ಜ್ ಮಾಡಸ್ತಾರೇನೋ?’ ಎಂದೆ.

‘ಮಾಡಸ್ತಾಳ್ರೀ ಅಕ್ಕಾರ. ಒಂದಿನಾನೂ ಧಾರಾವಾಹಿ ಬಿಡೂದಿಲ್ಲ ಆಕಿ.’